ಶೇಖರಮ್ಮನ ಅಡಿಕಿ

ಸಿಂಧನೂರಿನ ಶಾಮಿಯಾನದ ದಾವಲ್‌ಸಾಬ್ ಮಾತು ಕೊಟ್ಟ ಅಂದ್ರ ಮುಗೀತು. ಮಳಿ ಬರಲಿ, ಗಾಳಿ ಬರಲಿ, ಹೊತ್ತು ಮೂಡೋದ್ರಾಗ ಅಂಗಳದಾಗ ಕಂಬ ನಿಂತಿರ್ತಿದ್ವು. ಅಂಥಾ ಮನುಷ್ಯ ಇವತ್ತು ಬಸ್ಸಿನ್ಯಾಗ ಕಿಟಕಿ ಕಡೆ ಮುಖ ಮಾಡಿ, ಕಿಸೆದಾಗಿನ ಒಂದು ಅಡಿಕಿ ಮುಟ್ಟಿ ಮುಟ್ಟಿ ನೋಡಿಕೋತ ಕುಂತಾನ. ಅಡಿಕಿ ಪಾಮನಕಲ್ಲೂರಿನ ಶೇಖರಮ್ಮನದು, ಮದುವಿ ದಿನ ಹೇಳಿ ಮಾತು ಗಟ್ಟಿ ಮಾಡಾಕ ಕೊಟ್ಟಿದ್ದು. ಅದನ್ನ ತಿರುಗಿ ಕೊಟ್ಟು, ಆಕಿ ಸಣ್ಣ ಮಗಳ ಮದುವಿಗೆ ಶಾಮಿಯಾನ ಹಾಕಾಕ ಆಗಂಗಿಲ್ಲ ಅಂತ ಹೇಳಾಕ ಹೊಂಟಾನ.

ತಪ್ಪು ತನ್ನದ. ಅದಕ್ಕ ಇಷ್ಟು ಸಂಕಟ.

ಹನ್ನೆರಡು ವರ್ಷದ ಹಿಂದ ಮಗಳು ಗೌಸಿಯಾ ಕಾಲೇಜು ಓದುವಾಗ ಅಂಗಡಿಗೊಂದು ವೆಬ್‌ಸೈಟ್ ಮಾಡಿದ್ಲು. ಒಂದೇ ಪುಟ. ನಡುವ ಟೋಪಿ ಹಾಕ್ಕೊಂಡ ದಾವಲ್‌ಸಾಬನ ಫೋಟೋ, ಹಿಂದ ಟೆಂಪೋ, ಕೆಳಗ ಫೋನ್ ನಂಬರು. ಜನ ನೋಡ್ತಿದ್ರು, ಅಂಗಡಿಗೆ ಬಂದು ಚಾ ಕುಡಿದು ಎಲಿ ಅಡಿಕಿ ಕೊಟ್ಟು ಹೋಗ್ತಿದ್ರು. ಆಮ್ಯಾಲ ಅದರಾಗ ಮಂಟಪದ ಫೋಟೋ ಬಂದ್ವು. ಹೋದ ವರ್ಷದಿಂದ ತಾರೀಖೂ ಬಂದ್ವು. ಖಾಲಿ ದಿನ ಹಸಿರು, ಹಿಡಿದ ದಿನ ಕೆಂಪು. ಬೆರಳು ಒತ್ತಿದವರಿಗೆ ಸಾಮಾನು.

"ಅಬ್ಬಾಜಾನ್, ನೀವು ಬಾಯಿಲೆ ಒಪ್ಪಿಕೊಂಡಿದ್ದನ್ನ ನನಗ ಹೇಳ್ರಿ, ಅದರಾಗ ಹಾಕ್ತೀನಿ," ಅಂತ ಗೌಸಿಯಾ ಬಡಕೊಂಡಿದ್ಲು.

"ಏ ಹೋಗಬೇ, ಅದು ನೋಡೋ ಬೋರ್ಡು. ಬೋರ್ಡು ಎಲ್ಲರೆ ಮಾತು ಕೊಡ್ತೈತೇನು?" ಅಂದು ಇವನು ನಕ್ಕಿದ್ದ.

ಬೋರ್ಡು ಮಾತು ಕೊಟ್ಟುಬಿಡ್ತು. ಶೇಖರಮ್ಮ ಹೇಳಿದ್ದ ದಿನ ಅದರಾಗ ಹಸಿರ ಉಳಿದಿತ್ತು, ಅದನ್ನ ಲಿಂಗಸುಗೂರಿನವರು ಹಿಡಿದ್ರು. ಅವರದೂ ಮದುವೀನ, ಅವರೂ ಕಾರ್ಡು ಹಂಚ್ಯಾರ. ಅವತ್ತು ಮುಹೂರ್ತ ಭಾಳ. ಮಸ್ಕಿಯಿಂದ ಸಂತೆಕಲ್ಲೂರಿನ ಮಟ ಯಾರ ಹತ್ರಾನೂ ಒಂದು ಪರದಾ ಉಳಿದಿಲ್ಲ. ಮದುವಿಗೆ ಎಂಟ ದಿನ.

ಬಸ್ ಇಳಿದು ಮನಿ ಮುಟ್ಟಿದಾಗ ಶೇಖರಮ್ಮ ಅಂಗಳ ಸಾರಸಾಕತ್ತಿದ್ಲು. ಎದ್ದು ನೀರು ತಂದು ಕೊಟ್ಟಳು. ದಾವಲ್‌ಸಾಬ್ ನಿಂತಲ್ಲೇ ಎಲ್ಲಾ ಹೇಳಿದ. ಆಕಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ರ ಚೊಲೋ ಇತ್ತು, ಬೈಸಿಕೊಂಡು ಬಸ್ ಹತ್ತಬಹುದಿತ್ತು.

"ಎಲ್ಲೈತ್ರಿ ಅದು, ತೋರಸ್ರಿ ನೋಡೂಣು."

ಫೋನ್ ತಗದು ತೋರಿಸಿದ. ಆಕಿ ಹಸಿರು ಕೆಂಪು ಚೌಕ ಬಗ್ಗಿ ನೋಡಿದ್ಲು.

"ನಿಮ್ಮ ಫೋಟೋ ಎಲ್ಲಿ ಹೋತ್ರಿ ಸಾಬ್ರ? ನಮ್ಮ ದೊಡ್ಡಾಕಿ ಭುವನೇಶ್ವರಿ ತನ್ನ ಮದುವಿ ಮುಂದ ಇದರಾಗ ನಿಮ್ಮ ಮುಖ ತೋರಿಸಿದ್ಲು. ನಮ್ಮದು ಗಂಡು ದಿಕ್ಕಿಲ್ಲದ ಮನಿ. ಈ ಮನುಷ್ಯ ಕೈ ಬಿಡಂಗಿಲ್ಲ ಅನಿಸ್ತು, ಅದಕ್ಕ ನಿಮ್ಮಲ್ಲಿ ಬಂದಿದ್ದೆ."

ದಾವಲ್‌ಸಾಬನೂ ನೋಡಿದ. ಫೋಟೋ ಯಾವಾಗ ಹೋಗಿತ್ತೋ ಅವನಿಗೇ ಗೊತ್ತಿಲ್ಲ. "ನನ್ನ ಮಾಫ್ ಮಾಡು ತಂಗೆವ್ವ," ಅಂದು ಅಡಿಕಿ ತಗದು ಕಟ್ಟಿ ಮ್ಯಾಲಿಟ್ಟ.

ಶೇಖರಮ್ಮ ಅದನ್ನ ನೋಡಿದ್ಲು, ಮುಟ್ಟಲಿಲ್ಲ. ಬಕೆಟ್ಟಿನ್ಯಾಗ ಕೈ ಅದ್ದಿ ತಿರುಗಿ ಸಾರಸಾಕ ಕುಂತಳು.

"ನಾ ಅದನ್ನ ಫೋನಿನ ಕೈಯಾಗ ಇಟ್ಟಿಲ್ರಿ. ನಿಮ್ಮ ಕೈಯಾಗ ಇಟ್ಟೀನಿ. ನಿಮ್ಮ ಕಂಬ ಹೋದ ಸಲ ಇಲ್ಲೇ ನಿಂತಿದ್ವಲ್ರಿ, ಅಷ್ಟು ಜಾಗ ಬಿಟ್ಟು ಸಾರಸ್ತೀನಿ."

ಅಂದಂಗ ನಾಕು ಮೂಲ್ಯಾಗ ನಾಕು ಗೇಣು ಜಾಗ ಒಣಾ ಬಿಟ್ಟು ಸಾರಿಸಿದ್ಲು. ದಾವಲ್‌ಸಾಬ್ ಅಡಿಕಿ ಎತ್ತಿ ಮತ್ತ ಕಿಸೆದಾಗ ಇಟಗೊಂಡ.