ಒಂಟೆಗೆ ಇಟ್ಟ ಕಾಲಾಳು

"ಮರಿ ಕಾರ್ಡು ಬಂತು ರೀ!"

ಹೆಂಡತಿಯ ಆ ದನಿ ಅವನಿಗೆ ಗೊತ್ತಿತ್ತು. ಬೇರೆ ಯಾವ ಟಪಾಲು ಬಂದರೂ ಅವಳು ಕೂಗುತ್ತಿರಲಿಲ್ಲ. ಬಾಗಿಲ ಪಕ್ಕದ ಮೇಜಿನ ಮೇಲೆ ಎಸೆದು ಒಳಗೆ ಹೋಗುತ್ತಿದ್ದಳು. ತನ್ನ ತಮ್ಮ ಮರಿಯ ಕಾರ್ಡಾದರೆ ಮಾತ್ರ, ಮನೆಯಿಂದ ಅಂಗಡಿಗೆ ತೆರೆಯುವ ಬಾಗಿಲಲ್ಲಿ ಬಂದು ನಿಂತು, ತಾನೇ ಏನೋ ಗೆದ್ದವಳ ಹಾಗೆ ನಗುತ್ತಿದ್ದಳು. ಅವನು ಕನ್ನಡಕದ ಗಾಜಿನ ಅಂಚು ಉಜ್ಜುವ ಯಂತ್ರವನ್ನು ನಿಲ್ಲಿಸಲಿಲ್ಲ.

"ಅಲ್ಲಿಡು."

"ಏನಾಡಿದಾನೆ ನೋಡಲ್ವಾ?"

"ಅವನೆಲ್ಲಿ ಆಡ್ತಾನೆ? ಯಾರೋ ಆಡಿದ್ದನ್ನ ನೋಡಿ ಬರ್ದು ಕಳಿಸ್ತಾನೆ."

ಅವಳು ಕಾರ್ಡನ್ನು ಫ್ರೇಮುಗಳ ಪೆಟ್ಟಿಗೆಗೆ ಒರಗಿಸಿಟ್ಟು ಹೋದಳು. ಹೆಜ್ಜೆ ಸದ್ದು ಅಡುಗೆಮನೆ ಸೇರಿದ ಮೇಲೆ ಅವನು ಯಂತ್ರ ನಿಲ್ಲಿಸಿ, ಗಾಜಿನ ಪುಡಿ ಹತ್ತಿದ ಬೆರಳುಗಳಿಂದಲೇ ಕಾರ್ಡನ್ನು ಎತ್ತಿಕೊಂಡ. ಒಳ್ಳೆಯ ನಡೆ. ಅಂಗಡಿಯ ಮೂಲೆಯಲ್ಲಿ ಚದುರಂಗದ ಹಲಗೆಯ ಮೇಲೆ ತಿಂಗಳುಗಳಿಂದ ನಿಂತಿದ್ದ ಆಟದಲ್ಲಿ ಕಪ್ಪು ಕಾಯಿಯನ್ನು ಅದರ ಹೊಸ ಮನೆಗೆ ಸರಿಸಿದ. ಇದು ಅವನದಲ್ಲ, ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಮರಿಗೆ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಪಕ್ಕದ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಆದರೂ ಮನೆಮಂದಿಗೆಲ್ಲ ಮರಿಯೇ. ಮದುವೆಯಾದ ಹೊಸದರಲ್ಲಿ, ಅಕ್ಕನ ಹಿಂದೆ ಹಿಂದೆಯೇ ಸುತ್ತುತ್ತಿದ್ದ ಆ ಭಾಮೈದನನ್ನು ಕೂರಿಸಿಕೊಂಡು, ಕುದುರೆ ಹೇಗೆ ಹಾರುತ್ತದೆ ಎಂದು ತೋರಿಸಿಕೊಟ್ಟವನು ಇವನೇ. ಈಗ ಕ್ಲಬ್ಬಿನಲ್ಲಿ ಯಾರಾದರೂ ಇವನ ಪಕ್ಕ ಬಂದು ಕೂತರೆ ಮೊದಲು ಕೇಳುವುದು, "ನಿಮ್ಮ ಭಾಮೈದ ಏನಾಡಿದ?"

ಕ್ಲಬ್ಬಿನಲ್ಲಿ ಪ್ರತಿವರ್ಷ ಅಂಚೆ ಚದುರಂಗದ ಪಂದ್ಯಾವಳಿ ನಡೆಯುತ್ತಿತ್ತು. ಗೆದ್ದವನು ಹೊರಗಿನ ಕ್ಲಬ್ಬುಗಳ ಎದುರು ಮೊದಲ ಮೇಜಿನಲ್ಲಿ ಕೂರಬೇಕು. ಆ ಕುರ್ಚಿಯಲ್ಲಿ ಇವನಲ್ಲದೆ ಇನ್ನೊಬ್ಬರು ಕೂತದ್ದು ಹೊಸಬರಿಗೆ ನೆನಪಿರಲಿಲ್ಲ. ಈ ವರ್ಷ ಉಳಿದದ್ದು ಇದೊಂದೇ ಆಟ: ಭಾವ, ಭಾಮೈದ.

ನಿಯಮ ಸರಳವಾಗಿತ್ತು. ನಡೆಯನ್ನು ಕಂಪ್ಯೂಟರಿನಿಂದ ಯೋಚನೆ ಮಾಡಿಸುವಂತಿಲ್ಲ. ಆದರೆ ಹಿಂದೆ ಯಾರ್‍ಯಾರೋ ಆಡಿದ ಲಕ್ಷಾಂತರ ಆಟಗಳನ್ನು ಡೇಟಾಬೇಸಿನಲ್ಲಿ ಹುಡುಕಿ ನೋಡಬಹುದು. ಆ ನಿಯಮ ಬಂದ ದಿನ ಸಭೆಯಲ್ಲಿ ವಿರೋಧಿಸಿ ಎದ್ದು ನಿಂತವನು ಇವನೊಬ್ಬನೇ.

"ಇದು ಪುಸ್ತಕ ತೆಗೆದಿಟ್ಕೊಂಡು ಪರೀಕ್ಷೆ ಬರೆದ ಹಾಗೆ. ನಾನಂತೂ ಮುಟ್ಟಲ್ಲ. ಮುಟ್ಟಿದ್ರೆ ಕೈ ತೊಳ್ಕೋಬೇಕು."

"ಹಲ್ಲು ಕೀಳೋ ಮೊದ್ಲು ನಾನೂ ಎಕ್ಸ್‌ರೇ ನೋಡ್ತೀನಪ್ಪ," ಎಂದಿದ್ದರು ಕಾರ್ಯದರ್ಶಿ. ಅವರು ದಂತವೈದ್ಯರು. "ಅದೂ ಮೋಸನಾ?"

ಎಲ್ಲರೂ ನಕ್ಕಿದ್ದರು. ಮರಿ ತಲೆ ತಗ್ಗಿಸಿಕೊಂಡು ನಕ್ಕಿದ್ದ. ಹೆಂಡತಿ ಮಾತ್ರ ಗಂಡನ ಆ ಮಾತನ್ನು ನೆಂಟರಿಷ್ಟರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಳು.

ಅವನದಲ್ಲ, ಅವನದಲ್ಲ. ಪ್ರತಿ ಕಾರ್ಡಿಗೂ ಹಾಗೆ ಹೇಳಿಕೊಳ್ಳಬೇಕಾಗಿ ಬರುತ್ತಿದ್ದುದೇ ಅವನನ್ನು ಒಳಗೊಳಗೇ ಸುಡುತ್ತಿತ್ತು. ಗಿರಾಕಿಯ ಕಣ್ಣಿಗೆ ಗಾಜು ಹಾಕಿ "ಈಗ ಚೆನ್ನಾಗಿ ಕಾಣ್ಸುತ್ತಾ, ಆಗ ಕಾಣ್ಸುತ್ತಿತ್ತಾ?" ಎಂದು ಕೇಳುವಾಗಲೂ ಮನಸ್ಸು ಮೂಲೆಯ ಹಲಗೆಯ ಮೇಲೇ ಇರುತ್ತಿತ್ತು. ಮರಿ ಎಲ್ಲಿಂದ ಕದ್ದ ಎಂದು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ನೆಮ್ಮದಿಯಾಗಬಹುದು ಎನಿಸಿತು.

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲೆಳೆದುಕೊಂಡು ದಂತವೈದ್ಯರಲ್ಲಿಗೆ ಹೋದ. ಕ್ಲಬ್ಬಿನ ಕಂಪ್ಯೂಟರ್ ಇದ್ದದ್ದು ಅವರ ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ.

"ಏನು, ಹಲ್ಲುನೋವಾ?"

"ಅಲ್ಲ. ಸ್ವಲ್ಪ ಕಂಪ್ಯೂಟರ್ ಬೇಕಿತ್ತು. ಸುಮ್ನೆ."

ವೈದ್ಯರು ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆಳೆದು ಅವನನ್ನೇ ನೋಡಿದರು. "ಹೋಗಿ, ಹೋಗಿ. ಸಿಂಕೂ ಅಲ್ಲೇ ಇದೆ."

ಡೇಟಾಬೇಸಿನಲ್ಲಿ ಮರಿಯ ನಡೆಗಳು ಒಂದೊಂದಾಗಿ ಸಿಕ್ಕವು. ಸಾವಿರಾರು ಆಟಗಳು, ಆಮೇಲೆ ನೂರಾರು, ಆಮೇಲೆ ಬೆರಳೆಣಿಕೆಯಷ್ಟು. ನೋಡಿದೆಯಾ, ಎಂದು ಅವನು ತನಗೆ ತಾನೇ ಹೇಳಿಕೊಂಡ. ಹಲವು ತಿಂಗಳಲ್ಲಿ ಅಷ್ಟು ಹಗುರವಾದದ್ದು ಅದೇ ಮೊದಲು. ಅಷ್ಟಕ್ಕೆ ಎದ್ದು ಬರಬಹುದಿತ್ತು. ಎದ್ದು ಬರಲಿಲ್ಲ. ಮುಂದಿನ ದಾರಿಯಲ್ಲಿ ಉಳಿದದ್ದು ಒಂದೇ ಆಟ. ಅದರಲ್ಲಿ ಇವನ ಹಾಗೆಯೇ ಬಿಳಿ ಕಾಯಿ ಆಡಿದವನು ಅಂಚಿನ ಕಾಲಾಳನ್ನು ಕಾಯುತ್ತಿದ್ದ ಕುದುರೆಯನ್ನು ಬೇರೆಡೆಗೆ ಕೊಂಡೊಯ್ಯುತ್ತಾನೆ. ಕಪ್ಪು ಒಂಟೆ ಬಂದು ಆ ಕಾಲಾಳನ್ನು ಹೊಡೆದು ಸಲೀಸಾಗಿ ಗೆಲ್ಲುತ್ತದೆ. ಅವನು ಎರಡು ಸಲ ನೋಡಿದ. ಅದು ಸಾಧ್ಯವೇ ಇರಲಿಲ್ಲ. ಪಕ್ಕದ ಕಾಲಾಳು ಒಂದು ಮನೆ ಮುಂದೆ ಬಂದರೆ ಸಾಕು, ಒಂಟೆಗೆ ಹಿಂದಿರುಗಲು ದಾರಿಯೇ ಇಲ್ಲ. ಆಟವನ್ನು ನಮೂದಿಸಿದವರು ಯಾರೋ ತಪ್ಪು ಮನೆ ಬರೆದಿದ್ದಾರೆ. ನೋಡಿ ಬರೆಯುವ ಮರಿ ಇದನ್ನೂ ನೋಡಿಯೇ ಬರೆಯುತ್ತಾನೆ, ಒಂಟೆಯನ್ನು ಕಳೆದುಕೊಳ್ಳುತ್ತಾನೆ.

ಹೊರಗೆ ಬರುವಾಗ ಅವನು ನಿಜವಾಗಿಯೂ ಕೈ ತೊಳೆದುಕೊಂಡ. ಕುದುರೆಯನ್ನು ಸರಿಸಿದ ಕಾರ್ಡು ಆ ದಿನವೇ ಅಂಚೆಪೆಟ್ಟಿಗೆಗೆ ಬಿತ್ತು.

ಆಮೇಲಿನ ದಿನಗಳಲ್ಲಿ ಅವನು ಗಿರಾಕಿಗಳ ಮಕ್ಕಳನ್ನು ಮಾತಾಡಿಸಿದ. ಮುರಿದ ಫ್ರೇಮಿಗೆ ಬಿಟ್ಟಿಯಾಗಿ ತಿರುಪು ಹಾಕಿಕೊಟ್ಟ.

"ಏನ್ ಸಮಾಚಾರ, ಶಿಳ್ಳೆ ಹೊಡೀತಿದೀರಿ?" ಎಂದಳು ಹೆಂಡತಿ.

"ಹೊಡೀಬಾರ್ದಾ?"

"ಹೊಡೀರಿ, ಯಾರು ಬೇಡ ಅಂದ್ರು. ಸ್ವಲ್ಪ ರಾಗ ಇರ್ಲಿ."

ಕಾರ್ಡು ಬರಲಿಲ್ಲ. ಮರಿಯೇ ಬಂದ. ರಜೆಯ ದಿನ, ಊಟದ ಹೊತ್ತಿಗೆ, ಅಕ್ಕನ ಕೈಗೆ ಹಣ್ಣಿನ ಚೀಲ ಕೊಟ್ಟು, ಜೇಬಿನಿಂದ ಬರೆದ ಕಾರ್ಡನ್ನು ತೆಗೆದ.

"ತಗೊಳ್ಳಿ ಭಾವ. ಹೇಗೂ ಬರ್ತಿದ್ನಲ್ಲ, ನಾನೇ ಪೋಸ್ಟ್‌ಮ್ಯಾನು."

ಒಂಟೆ ಇದ್ದಲ್ಲೇ ಇತ್ತು. ಮರಿ ಆಡಿದ್ದು ಕುದುರೆಯನ್ನು. ಇವನ ಕುದುರೆ ಅಷ್ಟು ದಿನ ಕಾಯುತ್ತಿದ್ದು ಈಗ ಬಿಟ್ಟುಹೋಗಿದ್ದ ನಡುವಿನ ಮನೆಗೆ ಅದು ಬಂದು ಕೂತಿತ್ತು. ಇನ್ನು ಅದನ್ನು ಅಲ್ಲಿಂದ ಎಬ್ಬಿಸುವುದು ಆಗದ ಮಾತು. ಹಲಗೆಯ ಹತ್ತಿರ ಹೋಗದೆಯೇ ಅವನಿಗೆ ತನ್ನ ಸೋಲು ಕೊನೆಯವರೆಗೂ ಕಂಡಿತು.

"ಇದನ್ನ ಎಲ್ಲಿಂದ ತಂದೆ?"

"ಎಲ್ಲೂ ಇಲ್ಲ ಭಾವ. ಅದಕ್ಕೇ ಇಷ್ಟು ದಿನ ಹಿಡೀತು." ಮರಿಯ ಮುಖ, ಹಿಂದೆ ಕುದುರೆಯ ನಡೆ ಕಲಿತ ದಿನ ಅರಳಿದಂತೆಯೇ ಅರಳಿತು. "ಅಲ್ಲಿರೋದು ಒಂದೇ ಆಟ. ಅದ್ರಲ್ಲಿ ಒಂಟೆ ಹೋಗಿ ಆ ಕಾಲಾಳನ್ನ ಹೊಡಿಯೋದನ್ನ ತಪ್ಪಾಗಿ ಬರ್ದಿದಾರೆ. ಹೊಡೆದ್ರೆ ಒಂಟೆ ಸತ್ತ ಹಾಗೇ. ನೀವೂ ಅದನ್ನ ನೋಡೇ..."

ಅಷ್ಟು ಹೇಳಿ ಅವನು ನಿಲ್ಲಿಸಿದ.

ತಟ್ಟೆಗಳನ್ನು ಹಾಕುತ್ತಿದ್ದ ಅಕ್ಕ ಅಲ್ಲಿಂದಲೇ ಅಂದಳು, "ಅವರು ಎಲ್ಲಿ ನೋಡ್ತಾರೋ? ನಿಮ್ ಭಾವ ಅದನ್ನೆಲ್ಲ ಮುಟ್ಟಲ್ಲ ಅಂತ ಗೊತ್ತಿಲ್ವಾ? ಎಲ್ರೂ ನಿನ್ ಥರಾನೇ ಅಂದ್ಕೊಂಡ್ಯಾ?"

ಮರಿ ಭಾವನ ಕಡೆ ಒಮ್ಮೆ ನೋಡಿ, ಕೂಡಲೇ ತಟ್ಟೆಯ ಕಡೆ ತಿರುಗಿದ.

"ಹೌದಲ್ಲಕ್ಕ. ಮರ್ತೇಬಿಟ್ಟಿದ್ದೆ. ಸುಮ್ನೆ ಬಾಯಿಗೆ ಬಂದಿದ್ದು ಅಂದೆ. ಭಾವ ಎಲ್ಲಿ ನೋಡ್ತಾರೆ."

ಇವನು ಆ ಮುಖದಲ್ಲಿ ಗೇಲಿಯ ಒಂದು ಸಣ್ಣ ನಗುವಿಗಾಗಿ ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಊಟವಾದರೂ ಸೇರುತ್ತಿತ್ತು. ಅಕ್ಕ ತಮ್ಮನಿಗೆ ಬಡಿಸಿದಳು, ಬೈದಳು, ಇನ್ನಷ್ಟು ಬಡಿಸಿದಳು. ಇಬ್ಬರೂ ಯಾವುದೋ ಹಳೆಯ ಮಾತಿಗೆ ನಕ್ಕರು. ಅವನು ಕೈಗೆ ಸಿಕ್ಕಿದ್ದನ್ನು ತಿಂದು ಎದ್ದ.

"ರೀ, ಅವನ ಕನ್ನಡಕ ಆಗ್ಲಿಂದ ಜಾರ್ತಾನೇ ಇದೆ. ಸ್ವಲ್ಪ ನೋಡಬಾರ್ದಾ?"

ಮರಿ ಹಿಂದೆಯೇ ಅಂಗಡಿಗೆ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತ. ಮೂಲೆಯ ಹಲಗೆಯ ಕಡೆ ನೋಡಲಿಲ್ಲ. ಕನ್ನಡಕ ತೆಗೆದು ಕೊಟ್ಟ. ಅದೂ ಇವನೇ ಮಾಡಿಕೊಟ್ಟದ್ದು. ದಪ್ಪ ಗಾಜು, ಅದಿಲ್ಲದೆ ಮರಿಗೆ ಒಂದು ಮಾರಿನಾಚೆ ಯಾರ ಮುಖವೂ ಗುರುತು ಸಿಗುವುದಿಲ್ಲವೆಂದು ಇವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಕಡ್ಡಿಯ ತಿರುಪು ಸಡಿಲವಾಗಿತ್ತು. ಬಿಗಿ ಮಾಡಿದ. ಮೂಗಿನ ಹಿಡಿಗಳನ್ನು ಒಂದಿಷ್ಟು ಒಳಗೆ ಬಾಗಿಸಿದ. ಬಟ್ಟೆ ತೆಗೆದುಕೊಂಡು ಗಾಜು ಒರೆಸಿ, ಬೆಳಕಿಗೆ ಹಿಡಿದ. ಎಲ್ಲೂ ಒಂದು ಕಲೆಯಿರಲಿಲ್ಲ.

"ಆಯ್ತಾ ಭಾವ?"

ಮರಿ ಬರಿಗಣ್ಣನ್ನು ಕಿರಿದು ಮಾಡಿಕೊಂಡು, ಇವನಿದ್ದ ದಿಕ್ಕಿನತ್ತ ಮುಖ ಮಾಡಿ, ಕೈ ಚಾಚಿದ್ದ.

"ತಡಿ, ಸ್ವಲ್ಪ ಇದೆ," ಎಂದು ಅವನು ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ.