ರೂತವ್ವ ಆಣೆ ಮಾಡದ ತಕ್ಕಡಿ

ನಾನು ಹಿತ್ತಾಳೆಯ ತಕ್ಕಡಿ. ಗದಗಿನ ಕಂಚುಗಾರನೊಬ್ಬ ನನ್ನನ್ನು ಬಡಿದು, ತಟ್ಟಿ, ಎರಡು ತಟ್ಟೆ ತೂಗುಹಾಕಿ, ನಡುವೆ ಮುಳ್ಳು ನೆಟ್ಟು ಸಂತೆಗೆ ಕಳಿಸಿದ. ನನ್ನನ್ನು ಕೊಂಡವನು ಬೆಟಗೇರಿಯ ಯೋಹಾನಪ್ಪ. ಒಣಮೆಣಸಿನಕಾಯಿ, ಹುಣಸೆಹಣ್ಣಿನ ವ್ಯಾಪಾರ. ಭಾನುವಾರ ಚರ್ಚಿನಲ್ಲಿ ಅವನದೇ ದೊಡ್ಡ ದನಿ. ಉಳಿದ ದಿನ ಬಾಯಿ ತೆರೆದರೆ "ಯೇಸಪ್ಪನಾಣಿ!" ಕಾಯಿ ಖಾರ ಇದ್ದರೂ ಆಣೆ, ಮಳೆ ಬರುವ ಹಾಗಿದ್ದರೂ ಆಣೆ. ಮನುಷ್ಯ ಮಾತ್ರ ಬಂಗಾರದಂಥವನು.

ಅವನ ಮೊಣಕಾಲು ಹಿಡಿದ ಮೇಲೆ ಸೊಸೆ ರೂತವ್ವ ನನ್ನನ್ನು ಹಿಡಿದಳು. ಯೋಹಾನಪ್ಪ ಪಕ್ಕದಲ್ಲಿ ಬರೀ ಮಾತಿಗೆ ಕೂಡುತ್ತಿದ್ದ. ರೂತವ್ವನದು ಹೌದಂದ್ರ ಹೌದು, ಇಲ್ಲಂದ್ರ ಇಲ್ಲ. ನನಗೆ ಅವಳ ಕೈ ಬಹಳ ಹಿಡಿಸಿತ್ತು.

ಒಂದು ಸಂತೆಯ ದಿನ ನೀಲವ್ವ ಎಂಬ ಗಿರಾಕಿ ಮೆಣಸಿನಕಾಯಿ ಒಯ್ದವಳು ಉರಿಯುತ್ತ ವಾಪಸು ಬಂದಳು. ಎದುರಿನ ಅಂಗಡಿಯಲ್ಲಿ ತೂಗಿಸಿದರೆ ಕಡಿಮೆ ಬಂದಿತ್ತಂತೆ.

"ನಿಮ್ಮ ಯೇಸಪ್ಪನ ಆಣಿ ಮಾಡು. ಸುಮ್ನ ಹೊಕ್ಕೀನಿ."

ಜನ ನೆರೆಯಿತು. ಯೋಹಾನಪ್ಪ ಮೆಲ್ಲಗೆ, "ಮಾಡಿಬಿಡವಾ, ಏನ್ ಹೊಕ್ಕೈತಿ? ನಿನ್ನ ತೂಕ ಖರೇನ ಐತಲ್ಲ" ಅಂದ.

ನನಗೆ ಜೀವ ಬಾಯಿಗೆ ಬಂದಿತ್ತು. ಕಾಯಿ ಹಾಕುವ ತಟ್ಟೆಯ ಅಡಿಯಲ್ಲಿ ಹುಣಸೆಹಣ್ಣಿನ ಒಂದು ಮುದ್ದೆ ಅಂಟಿಕೊಂಡಿತ್ತು. ಅವತ್ತಿನ ಗಡಿಬಿಡಿಯಲ್ಲಿ ರೂತವ್ವ ತೂಗುವ ಮೊದಲು ನನ್ನನ್ನು ಖಾಲಿ ಎತ್ತಿ ಮುಳ್ಳು ನೋಡಿರಲಿಲ್ಲ. ಹೇಳೋಣವೆಂದರೆ ನನಗೆಲ್ಲಿಯ ಬಾಯಿ?

"ನಾ ಮೋಸ ಮಾಡಿಲ್ಲ. ಆದ್ರ ಮೆಣಸಿನಕಾಯಿ ಸಲುವಾಗಿ ಆತನ ಹೆಸರು ಸಂತಿಗೆ ತರೂದಿಲ್ಲ" ಅಂದಳು ರೂತವ್ವ.

ಆಣೆಗೆ ಹಿಂಜರಿದಳೆಂದರೆ ಕಳ್ಳಿಯೇ ಎಂದು ಜನ ಮೂಗು ಮುರಿದು ಬೇರೆ ಅಂಗಡಿಗೆ ಹೋದರು. ಅವಳು ಕಣ್ಣೊರೆಸಿಕೊಂಡು ನನ್ನನ್ನು ತೊಳೆಯಲು ತಿರುವಿದಳು. ಹುಣಸೆಹಣ್ಣು ಬೆರಳಿಗೆ ಹತ್ತಿತು. ಆ ಬೆರಳನ್ನು ಮಾವನ ಮುಂದೆ ಹಿಡಿದಳು.

"ಮಾವಾರ, ಆಣಿ ಮಾಡಿದ್ದರ ಸುಳ್ಳಾಣಿ ಆಕ್ಕಿತ್ರಿ."

ಯೋಹಾನಪ್ಪ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಕಡಿಮೆ ಬಿದ್ದ ಕಾಯಿ, ಅದರ ಮೇಲೊಂದು ಬೊಗಸೆ, ಜೊತೆಗೆ ನನ್ನನ್ನೂ ಹೊತ್ತು ರೂತವ್ವ ನೀಲವ್ವನ ಮನೆಗೆ ನಡೆದಳು. ಅಂಟಿದ್ದನ್ನು ತೋರಿಸಿ, "ತಪ್ಪು ನಂದವಾ" ಅಂದಳು.

ನೀಲವ್ವ ನನ್ನ ತಟ್ಟೆ ತಿರುವಿ ನೋಡಿದಳು. "ನೀ ಆಣಿ ಮಾಡಿದ್ದರ ನಂಬಿಬಿಡ್ತಿದ್ನಲ್ಲ, ತಂಗಿ!"

ಮುಂದಿನ ಸಂತೆಗೆ ಗಿರಾಕಿಗಳನ್ನು ಕರೆತಂದವಳು ಅವಳೇ. ಯೋಹಾನಪ್ಪ ಚಟದಂತೆ "ಯೇ..." ಎಂದು ಶುರು ಮಾಡಿ, ಸೊಸೆಯ ಮುಖ ನೋಡಿ ಕೆಮ್ಮಿಬಿಟ್ಟ. ಪುಣ್ಯಾತ್ಮನ ಆ ಕೆಮ್ಮು ಅವನು ಸಾಯುವವರೆಗೂ ಹೋಗಲಿಲ್ಲ.

ಈಗ ಅಂಗಡಿಗೆ ಕರೆಂಟಿನ ತಕ್ಕಡಿ ಬಂದಿದೆ. ನಾನು ಅಡುಗೆಮನೆಯ ಮೊಳೆಗೆ ಜೋತುಬಿದ್ದು, ಮುದುಕಿಯಾದ ರೂತವ್ವನನ್ನು ನೋಡುತ್ತ ಇದ್ದೇನೆ. ಮೊನ್ನೆ ಕ್ರಿಸ್‌ಮಸ್ಸಿನ ಕರ್ಚಿಕಾಯಿ ಡಬ್ಬಿಯಲ್ಲಿ ಕಡಿಮೆಯಾಗಿದ್ದವು. ಮೊಮ್ಮಗಳು ಪ್ರೇರಣಾ, "ದೇವ್ರಾಣಿ ಅಜ್ಜಿ, ನಾ ತಿಂದಿಲ್ಲ" ಅಂದಳು. ತುಟಿಯ ಮೇಲೆ ಕೊಬ್ಬರಿ ಹಾಗೇ ಇತ್ತು.

ರೂತವ್ವ ಬಯ್ಯಲಿಲ್ಲ. ನನ್ನ ಕಡೆ ನೋಡಿ ನಕ್ಕಳು. "ಆತನ ಹೆಸರು ಯಾಕ ಬೇಕವಾ ಇದಕ್ಕ? ತಿಂದೀಯೋ ಇಲ್ಲೋ, ಅಷ್ಟ ಹೇಳು."

"ಎರಡು," ಅಂದಳು ಹುಡುಗಿ, ಅಳುತ್ತ.

ಅಜ್ಜಿ ಇನ್ನೊಂದನ್ನು ತೆಗೆದು ಅವಳ ಕೈಗಿಟ್ಟಳು.