ತಿರುಗಿದ ಕತ್ತೆ

"ಅದಲ್ಲ ಬಾಯೆ, ಗೋಡೆಯಲ್ಲಿರುವುದನ್ನು ತೆಗಿ. ಅದು ಸರಿಯಾದದ್ದು," ಎಂದು ಮಗಳು ಕ್ರಿಸ್ಟಲ್‌ಗೆ ಹೇಳಿದರು ಸೆವ್ರಿನ್ ಬಾಯಿ, ಕಪ್ಪು ಸೀರೆಗೆ ಪಿನ್ನು ಸಿಕ್ಕಿಸುತ್ತ.

ಪಪ್ಪನ ಶವಪೆಟ್ಟಿಗೆಯಲ್ಲಿಡಲು ಚಿತ್ರವೊಂದು ಬೇಕಿತ್ತು. ಗೋಡೆಯಲ್ಲಿದ್ದದ್ದು ಈ ಅರಬ್ಬೀ ನಾಡಿನ ಮತ್ರಾ ಪೇಟೆಯ ಹಳೇ ಅಂಗಡಿಯಿಂದ ತಂದದ್ದು. ಐನೂರು ವರ್ಷಗಳ ಹಿಂದೆ ಯಾರೋ ಬರೆದದ್ದನ್ನು ಇನ್ಯಾರೋ ತಾಮ್ರದಲ್ಲಿ ಕೊರೆದು ಅಚ್ಚೊತ್ತಿದ ಚಿತ್ರದ ಪ್ರತಿ. ಹೆರೋದ ರಾಜನಿಗೆ ಹೆದರಿ ಮರಿಯಮ್ಮ ಕೂಸನ್ನೆತ್ತಿಕೊಂಡು ಕತ್ತೆಯೇರಿದ್ದಾಳೆ. ಜೋಸೆಫ್ ಹಗ್ಗ ಹಿಡಿದು ಊರು ಬಿಟ್ಟು ಈಜಿಪ್ಟಿಗೆ ಹೊರಟಿದ್ದಾನೆ. ಅದನ್ನೇ ನೋಡಿ ಪಪ್ಪ ಕೊರೆದು ತೆಗೆದ ಅಚ್ಚು ಕ್ರಿಸ್ಟಲ್ ಕೈಯಲ್ಲಿತ್ತು. ಅದರಲ್ಲಿ ಇಡೀ ಚಿತ್ರ ಎಡಬಲ ತಿರುಗಿ, ಕತ್ತೆ ಬಂದ ದಾರಿಗೇ ಮುಖ ಮಾಡಿತ್ತು.

ಶವವನ್ನು ಊರಿಗೆ ಕಳಿಸಿ ಎಂದು ಅಲ್ಲಿಂದ ಚಿಕ್ಕಪ್ಪನ ಫೋನು ಮತ್ತೆ ಬಂತು.

"ಅಲ್ಲಿ ಸಮಾಧಿಗೆ ಮೇಣದಬತ್ತಿ ಹಚ್ಚುವವರು ಯಾರಿದ್ದಾರೆ? ನಾನೂ ಮಗಳೂ ಇರುವುದು ಇಲ್ಲಿ. ಮಣ್ಣೂ ಇಲ್ಲೇ. ಖಲಾಸ್," ಎಂದು ಸೆವ್ರಿನ್ ಬಾಯಿ ಫೋನಿಟ್ಟರು.

ಪಪ್ಪನನ್ನು ಊರಿಗೇ ಕಳಿಸೋಣ ಎಂಬ ಮಾತು ಎರಡು ದಿನದಿಂದ ಕ್ರಿಸ್ಟಲ್ ಗಂಟಲಲ್ಲೇ ಇತ್ತು. ಅವಳು ಕೈಯಲ್ಲಿದ್ದ ಅಚ್ಚನ್ನೇ ಪ್ರಾರ್ಥನೆ ಪುಸ್ತಕದೊಳಗೆ ಸೇರಿಸಿದಳು.

"ಯಲ್ಲಾ, ಹೊರಡು ಮಗಳೇ, ಇಗರ್ಜಿಗೆ ಹೊತ್ತಾಯಿತು," ಎಂದರು ಬಾಗಿಲಲ್ಲಿ ನಿಂತಿದ್ದ ಪಪ್ಪನ ಗೆಳೆಯ ಉಮರಬ್ಬ.

*

ಅದೇ ನಾಡಿನ ರೂವಿ ಪೇಟೆಯಲ್ಲಿ ಪಪ್ಪ ಲಾದ್ರುವಿನದು ರಬ್ಬರ್ ಸ್ಟ್ಯಾಂಪ್ ಕೊರೆಯುವ ಕೆಲಸವಾಗಿತ್ತು. ಕಾಗದದ ಮೇಲೆ ನೆಟ್ಟಗೆ ಬೀಳಲೆಂದು ಪ್ರತಿ ಅಕ್ಷರವನ್ನೂ ತಿರುಗಿಸಿ ಕೊರೆಯಬೇಕು. ಕಂಪ್ಯೂಟರು ಬಂದು ಕೆಲಸ ಕಡಿಮೆಯಾದರೂ ಕೈ ಸುಮ್ಮನಿರಲಿಲ್ಲ. ತಾಮ್ರದ ತಗಡು ತಂದು ಈ ಚಿತ್ರಕ್ಕೆ ಕೂತರು. ಮೊದಲ ಅಚ್ಚು ನೋಡಿದ್ದು ಪಕ್ಕದ ಬಟ್ಟೆಯಂಗಡಿಯ ಉಮರಬ್ಬ.

"ಎಂತ ಪೊರ್ಬುಗಳೇ! ಜೀವಮಾನ ಇಡೀ ಅಕ್ಷರ ತಿರುಗಿಸಿದವರಿಗೆ ಒಂದು ಕತ್ತೆ ತಿರುಗಿಸಲು ನೆನಪಾಗಲಿಲ್ಲವಾ?" ಊರಲ್ಲಿ ಕ್ರೈಸ್ತರನ್ನು ಕರೆಯುವಂತೆಯೇ ಕರೆದು ನಕ್ಕರು.

"ಕಂಡ ಹಾಗೇ ಕೊರೆದೆ. ಅಚ್ಚಿನಲ್ಲಿ ತಿರುಗಿತು."

"ಮತ್ತೆ ಇದು ಈಗ ಹೋಗುವುದೆಲ್ಲಿಗೆ?"

ಲಾದ್ರು ಮಸಿಯ ಕೈ ಒರೆಸಿಕೊಂಡರು. "ಊರಿಗೆ."

"ಕತ್ತೆಯಾದರೂ ಹೊರಟಿತಲ್ಲ! ನೀವು ಯಾವಾಗ?"

"ಬರುವ ಮೊಂತಿ ಹಬ್ಬಕ್ಕೆ. ಹೊಸ ಅಕ್ಕಿ ಊಟಕ್ಕೆ ಅಲ್ಲೇ."

ಶಾಲೆಯ ಬ್ಯಾಗು ಹೊತ್ತು ನಿಂತಿದ್ದ ಕ್ರಿಸ್ಟಲ್‌ಗೆ ಆ ಮಾತು ಹೊಸತಲ್ಲ. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಮರಿಯಮ್ಮನ ಈ ಮೊಂತಿ ಹಬ್ಬ ಬರುತ್ತಿತ್ತು, ಹೋಗುತ್ತಿತ್ತು.

*

ಇಗರ್ಜಿಯಲ್ಲಿ ಕಡೆಯ ಪ್ರಾರ್ಥನೆ ಮುಗಿದಾಗ ಕ್ರಿಸ್ಟಲ್ ಚಿತ್ರವನ್ನು ಪಪ್ಪನ ಎದೆಯ ಮೇಲಿಟ್ಟಳು. ಸೆವ್ರಿನ್ ಬಾಯಿಯ ಕೈ ತಟ್ಟನೆ ಮುಂದೆ ಬಂತು.

"ತಪ್ಪಾದದ್ದನ್ನೇ ತಂದೆಯಾ?"

"ಇದೇ ಇರಲಿ ಮಮ್ಮಾ." ಅವಳ ದನಿ ಅವಳಿಗೇ ಜೋರೆನಿಸಿತು. "ಇದು ಊರಿಗೆ ಹೋಗುವುದು. ಪಪ್ಪನೇ ಹೇಳಿದ್ದು."

ಹಿಂದೆ ಉಮರಬ್ಬ ಮೂಗೆಳೆದುಕೊಂಡ ಸದ್ದಾಯಿತು.

ಸೆವ್ರಿನ್ ಬಾಯಿ ಚಿತ್ರದತ್ತ ಬಾಗಿದರು. ಅದನ್ನು ತೆಗೆಯಲಿಲ್ಲ. ಜಾರದಂತೆ, ಜಪಮಣಿ ಸುತ್ತಿದ ಗಂಡನ ಕೈಯಡಿಗೆ ಮೆಲ್ಲಗೆ ತಳ್ಳಿದರು. ಚಿತ್ರದ ಜೋಸೆಫ್ ಆ ಕೈಯಡಿ ಮರೆಯಾದ. ಅವನು ಹಿಡಿದಿದ್ದ ಹಗ್ಗ ಮಾತ್ರ ಪಪ್ಪನ ಹೆಬ್ಬೆರಳಿನಿಂದ ಹೊರಟು ಹಿಂದೆ ಬರುವ ಕತ್ತೆಯ ಕೊರಳಿನವರೆಗೂ ಹೋಗಿತ್ತು.